ಡ್ರೈವ್ ಸೊನ್ನೆಗೆ

ಬಿ.ಎಚ್. ರಸ್ತೆ, ಟೈರ್ ರಿಸೋಲಿಂಗ್ ಅಂಗಡಿಯ ಮೇಲಿನ ಕೋಣೆ.
ರಾತ್ರಿ ಹನ್ನೊಂದಾದ ಮೇಲೆ ಲಾರಿಗಳು ತೆಳುವಾಗುತ್ತವೆ.
ಆಗಷ್ಟೇ ಕೇಳುತ್ತದೆ ನಮ್ಮ ಗದ್ದಲ ನಮಗೆ.

ಪರದೆಯ ಮೇಲೆ ಹಾಲೇಶನ ಗಿಟಾರು ಮಲಗಿದೆ.
ಏಪ್ರಿಲ್‌ನಲ್ಲಿ ನುಡಿಸಿದ್ದು. ಒಣ ಸದ್ದು,
ಆಂಪಿಲ್ಲ, ಬೆಂಕಿಯಿಲ್ಲ,
ಮಂಚದ ಸ್ಪ್ರಿಂಗು ಮೀಟಿದ ಹಾಗೆ
ಟಿಕ್ಕು ಟಿಕ್ಕು, ನಡುವೆ ಕುರ್ಚಿಯ ಕಿರುಗು.
ಮೇ ತಿಂಗಳಲ್ಲಿ ದುರ್ಗಿಗುಡಿಯ ಪ್ರೆಸ್ಸಿನಲ್ಲಿ
ಲಗ್ನಪತ್ರಿಕೆ ಕತ್ತರಿಸುವ ಮಶೀನು
ಅವನ ಎಡಗೈಯ ಉಂಗುರದ ಬೆರಳಿಂದ
ಅರ್ಧ ಅಂಗುಲ ಇಟ್ಟುಕೊಂಡಿತು.
ಇರುವುದು ಇದೊಂದೇ ಟೇಕು.

ಆಂಪಿಗೆ ಕಳಿಸಿ ಗೇನು ಏರಿಸಿದರೆ
ಹಂದಿ ಹೊಕ್ಕ ಗದ್ದೆ.
ದಪ್ಪ ತಂತಿಯ ಒಂದೊಂದು ಪೆಟ್ಟೂ
ಮುಂದಿನ ಪೆಟ್ಟಿನ ಮೇಲೆ ಉರುಳಿ ಬೀಳುತ್ತದೆ.
"ನಾನು ನುಡಿಸಿದ್ದೀನಾ ಇಲ್ವಾ ಇದ್ರಲ್ಲಿ?"
ಬೇಸಿನ ಲವೀನಾ ಕೇಳಿದ್ದು ತಮಾಷೆಗಲ್ಲ.
ಎರಡು ವಾರ ಕೂತು ಕೆರೆದೆ.
ಇನ್ನೂರು ಹರ್ಟ್ಜ್ ಇಳಿಸಿದೆ, ನೂರೈವತ್ತು ಇಳಿಸಿದೆ.
ಇಳಿಸಿದಷ್ಟೂ ಕೆಸರು ಕೆಸರೇ,
ನೀರು ಬೆರೆಸಿದ ಕೆಸರು.

ಹದಿನೇಳರಲ್ಲಿ ನಾವು
ಎಲ್ಲ ಗುಂಡಿಯನ್ನೂ ಹತ್ತಕ್ಕೆ ತಿರುಗಿಸಿದವರು,
ಸಹ್ಯಾದ್ರಿ ಕಾಲೇಜಿನ ಬಯಲಲ್ಲಿ ಫ್ಯೂಸು ಹಾರಿಸಿ
ಕತ್ತಲೆಗೆ ಬಿದ್ದ ಶಿಳ್ಳೆಯನ್ನು
ಮೆಚ್ಚುಗೆ ಎಂದುಕೊಂಡವರು.

ಶಫೀವುಲ್ಲಾ ಸಾಬರದು ಮಿಕ್ಸಿ ರಿಪೇರಿ.
ಯಾವುದೋ ಆರ್ಕೆಸ್ಟ್ರಾದವರು ಬಿಟ್ಟುಹೋದ ಹಸಿರು ಪೆಡಲು,
ಸ್ವಿಚ್ಚು ಬದಲಿಸಿ, ಒರೆಸಿ, ಹನ್ನೊಂದು ನೂರಕ್ಕೆ ಕೊಟ್ಟರು.
"ಅಲ್ಲಮ್ಮ, ಅನ್ನ ಆದ್ಮೇಲೆ ಕಲ್ಲು ಹುಡುಕ್ತಾ ಕೂತ್ರೆ ಆಗುತ್ತಾ?
ಅಕ್ಕೀಲೇ ಆರಿಸ್ಬೇಕು. ಇದನ್ನ ಆಂಪಿಗೆ ಮುಂಚೆ ಹಾಕು."

ಹೆಸರು ಓವರ್‌ಡ್ರೈವ್.
ನಾನು ಡ್ರೈವನ್ನು ಸೊನ್ನೆಗೆ ತಿರುಗಿಸಿದೆ.
ಲೆವೆಲ್ಲು ತುದಿಗೆ. ಟೋನು ಒಂದು ಗಂಟೆಯ ಮುಳ್ಳಿಗೆ.
ಆಂಪಿನ ಗೇನನ್ನೂ ಎರಡು ಗೆರೆ ಹಿಂದೆಳೆದೆ.
ಕೂಗಲೆಂದೇ ಹುಟ್ಟಿದ ಡಬ್ಬಿಗೆ
ನೀನು ಕೂಗಬೇಡ, ಬಾಗಿಲಲ್ಲಿ ನಿಲ್ಲು,
ಹೊಟ್ಟೆ ದೊಡ್ಡವರನ್ನು ತಡೆ,
ಉಳಿದವರ ಬೆನ್ನಿಗೊಂದು ಗುದ್ದಿ ಒಳಗೆ ನೂಕು
ಎಂದು ಹೇಳಿದ ಹಾಗೆ.

ಸದ್ದಿಗೆ ಅಂಚು ಬಂತು.
ಅಂಗೈಯಲ್ಲಿ ಅದುಮಿದ ತಂತಿ
ಧಕ್. ಧಕ್. ಧಗಧಕ್.
ಕೆಳಗಿನ ಅಂಗಡಿಯಲ್ಲಿ ಬಿಸಿ ರಬ್ಬರು
ಅಚ್ಚಿಗೆ ಕೂತು ಏಳುವಂತೆ,
ಎರಡು ಪೆಟ್ಟಿನ ನಡುವೆ
ಬೆಳಕು ಹಾಯುವಷ್ಟು ಸಂದು.
ಆ ಸಂದಿನಲ್ಲಿ ಲವೀನಾ ಇದ್ದಳು,
ಇಷ್ಟು ದಿನ ಹೊರಗೇ ನಿಂತು
ಈಗ ಚಪ್ಪಲಿ ಕಳಚಿ ಬಂದವಳ ಹಾಗೆ.

ಆದರೆ ಬಿಗಿಯಾದದ್ದು ಏನನ್ನೂ ಮುಚ್ಚುವುದಿಲ್ಲ.
ಮೂವತ್ತೇಳನೇ ಆವರ್ತದಲ್ಲಿ ಹಾಲೇಶ
ಒಂದು ರೆಪ್ಪೆಯಷ್ಟು ತಡ.
ಆ ಉಂಗುರದ ಬೆರಳೇ ತಂತಿಯ ಮೇಲೆ ಜಾರಿ
ಕೀರ್ ಎಂದು, ಮತ್ತೆ ನೆಲೆ ಸಿಕ್ಕಿದೆ.
ಕೆಸರಿನಲ್ಲಿ ಇದು ಕೇಳಿರಲಿಲ್ಲ.
ಮೌಸಿನಲ್ಲಿ ಎಳೆದು ಕೂರಿಸಬಹುದು.
ಪಕ್ಕದ ಆವರ್ತದಿಂದ ಸರಿಯಾದ ಪೆಟ್ಟೊಂದನ್ನು
ಕಡ ತರಬಹುದು. ಎರಡು ನಿಮಿಷದ ಕೆಲಸ.
ಕೈ ಅಲ್ಲಿಗೇ ಹೋಗಿ ಕೂತಿತ್ತು.

ಬ್ಯಾಂಡೇಜು ಬಿಚ್ಚಿದ ವಾರ ಬಂದ.
ಹೆಡ್‌ಫೋನನ್ನು ಬಲಗೈಲಿ ಕಿವಿಗೊತ್ತಿ ಪೂರ್ತಿ ಕೇಳಿದ.
ಮೂವತ್ತೇಳಕ್ಕೆ ಎಡಗೈ ತಾನಾಗಿ ಎದ್ದು
ಗಾಳಿಯಲ್ಲಿ ಆ ಫ್ರೆಟ್ಟು ಹುಡುಕಿತು.
ಮೂರು ಬೆರಳು ಕೂತವು.
ಒಂದು ತಲುಪಲಿಲ್ಲ.

"ಇನ್ನೊಂದ್ಸಲ ಹಾಕು."
ಹಾಕಿದೆ.
"ಅಲ್ಲಿಂದ ಮಾತ್ರ."
ಹಾಕಿದೆ.
ಕೆಳಗೆ ಯಾರೋ ಟೈರು ಉರುಳಿಸಿಕೊಂಡು ಹೋದರು.

"ಆ ಕೀರ್ ಇರ್ಲಿ," ಅಂದ.
ಆಮೇಲೆ, ಬಾಗಿಲ ಹತ್ತಿರ ನಿಂತು,
"ಲೆವೆಲ್ಲು ಇನ್ನೊಂಚೂರು ಏರ್ಸಕ್ಕಾಗುತ್ತಾ?"

ಅದು ಆಗಲೇ ತುದಿಯಲ್ಲಿತ್ತು.
ಗುಂಡಿಯ ಮೇಲೆ ಬೆರಳಿಟ್ಟೆ,
ತಿರುಗಿಸಿದಂತೆ ಮಾಡಿದೆ.